ಕಲ್ಲು ಬೀಳಿಸುವವನ ಹೆಂಡತಿ

ಸೋಮವಾರ ಬೆಳಗ್ಗೆ ನನ್ನ ಕೆಲಸ ಮನೆ ಕೆಡವುವುದು. ದೇವರಾಯನದುರ್ಗದ ಬೆಟ್ಟಕ್ಕೆ ಶನಿವಾರ, ಭಾನುವಾರ ಬರುವ ಭಕ್ತರು ದರ್ಶನ ಮುಗಿಸಿಕೊಂಡು ಬಂಡೆಗಳ ಕಡೆ ಬರುತ್ತಾರೆ. ಕೈಗೆ ಸಿಕ್ಕ ಚಪ್ಪಡಿ ಕಲ್ಲುಗಳನ್ನು ಎಬ್ಬಿಸಿ ಒಂದರ ಮೇಲೊಂದು ಪೇರಿಸಿ ಕೈಮುಗಿಯುತ್ತಾರೆ. ಹೀಗೆ ಮಾಡಿದರೆ ಸ್ವಂತ ಮನೆ ಕಟ್ಟುವ ಯೋಗ ಬರುತ್ತದೆಂದು ನಂಬಿಕೆ. ಬಡಪಾಯಿಗಳು ಮೂರು ಕಲ್ಲಿಗೇ ತೃಪ್ತರು. ಕೆಲವರು ಡ್ಯೂಪ್ಲೆಕ್ಸ್ ಬೇಕೆಂದು ಏಳೆಂಟು ಕಲ್ಲು ಏರಿಸಿ, ಪಕ್ಕದಲ್ಲಿ ಕಾರಿಗೆಂದು ಒಂದು ಸಣ್ಣ ಕಲ್ಲನ್ನೂ ಇಟ್ಟು ಹೋಗುತ್ತಾರೆ. ದೇವರಿಗೆ ಪ್ಲಾನು ಸರಿಯಾಗಿ ಅರ್ಥವಾಗಲಿ ಎಂದಿರಬೇಕು.

ನಾನು ಆ ಕಾಡಿನ ನ್ಯಾಚುರಲಿಸ್ಟು. ಬಂದವರನ್ನು ಕಾಲುದಾರಿಯಲ್ಲಿ ಕರೆದುಕೊಂಡು ಹೋಗಿ ಇದು ಮುತ್ತುಗ, ಇದು ಕರಡಿ ಗೆದ್ದಲ ಹುತ್ತ ಕೆದಕಿದ ಗುರುತು, ಈಗ ಕೂಗಿದ್ದು ಹಳದಿ ಕೊರಳಿನ ಪಿಕಳಾರ ಎಂದು ಹೇಳುವುದು ನನ್ನ ಉದ್ಯೋಗ. ಎದೆಯ ಮೇಲಿನ ಬ್ಯಾಡ್ಜಿನಲ್ಲಿ 'ಪ್ರಕೃತಿ ವ್ಯಾಖ್ಯಾನಕಾರ' ಎಂದಿದೆ. ಅದನ್ನು ಪೂರ್ತಿ ಓದಿದವರನ್ನು ನಾನು ಕಂಡಿಲ್ಲ. ಎಲ್ಲರಿಗೂ ನಾನು ಗೈಡ್ ಸಾರ್. ನನ್ನ ಹೆಂಡತಿಗೆ ಮಾತ್ರ ಕಾಡಿನ ವಕೀಲ.

ಕಲ್ಲು ಕೆಡವುವುದಕ್ಕೆ ಕಾರಣವಿದೆ. ಬಂಡೆಯ ಮೇಲೆ ಸುಮ್ಮನೆ ಬಿದ್ದಿರುವಂತೆ ಕಾಣುವ ಒಂದೊಂದು ಚಪ್ಪಡಿಯ ಕೆಳಗೂ ಯಾರೋ ಸಂಸಾರ ಹೂಡಿರುತ್ತಾರೆ. ಚೇಳು ಮರಿಗಳನ್ನು ಬೆನ್ನ ಮೇಲೆ ಹೊತ್ತು ಕೂತಿರುತ್ತದೆ. ಬಂಡೆಯ ಹಲ್ಲಿ ತನ್ನ ಎರಡು ಬಿಳಿ ಮೊಟ್ಟೆಗಳನ್ನು ಕಲ್ಲಿನ ಒಳಮೈಗೇ ಅಂಟಿಸಿರುತ್ತದೆ. ನೀವು ಆ ಕಲ್ಲನ್ನು ಎತ್ತಿ ಮಗುಚಿಟ್ಟರೆ ಮೊಟ್ಟೆಗಳು ಬಿಸಿಲಿಗೆ ಬಂದು ಮಧ್ಯಾಹ್ನದ ಹೊತ್ತಿಗೆ ಬತ್ತಿಹೋಗುತ್ತವೆ. ಆದ್ದರಿಂದ ನಾನು ಸೋಮವಾರ ಪೇರಿಸಿದ ಕಲ್ಲುಗಳನ್ನು ಬೀಳಿಸಿ, ಆದಷ್ಟೂ ಹಿಂದಿನ ಜಾಗದಲ್ಲಿ ಮಲಗಿಸುತ್ತಿದ್ದೆ. ಭಾನುವಾರ ಬಂದವರಿಗೆ ಈ ಕಥೆಯನ್ನೆಲ್ಲ ಹೇಳಿ, ಕೊನೆಗೆ, "ಸ್ವಾಮಿ, ನಿಮಗೊಂದು ಮನೆ ಬೇಕೂಂತ ಇನ್ನೊಬ್ಬರ ಮನೆಯ ಚಾವಣಿ ಕಿತ್ತರೆ ದೇವರು ಯಾರ ಪರ ನಿಲ್ಲಬೇಕು?" ಎನ್ನುತ್ತಿದ್ದೆ. ಜನ ನಗುತ್ತಿದ್ದರು. ನಕ್ಕು, ನಾನು ಆ ಕಡೆ ತಿರುಗಿದ ಮೇಲೆ ಪೇರಿಸುತ್ತಿದ್ದರು.

ಒಮ್ಮೆ ಒಬ್ಬ ಮುದುಕಿ ನನ್ನನ್ನು ಹಿಡಿದುಕೊಂಡು ಬೈದಿದ್ದರು. ಕ್ಯಾತ್ಸಂದ್ರದವರು, ಆಗಾಗ ಬೆಟ್ಟಕ್ಕೆ ಬರುವವರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಬುತ್ತಿ ಚೀಲ. "ಕಲ್ ಬೀಳ್ಸೋನು ನೀನೇ ಏನ್ಲಾ? ಯಾರ್ಯಾರ್ ಕನ್ಸೋ ಏನೋ. ಕೈ ಹೆಂಗ್ ಬತ್ತದೆ ನಿಂಗೆ?" ಎಂದರು. ನಾನು ಹಲ್ಲಿಯ ಮೊಟ್ಟೆಯ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಹಲ್ಲಿ ಬಾಡಿಗೆ ಕಟ್ತದಾ?" ಎಂದು ಕೇಳಿ ಹೊರಟುಹೋದರು. ಮನೆಗೆ ಹೋಗಿ ಹೆಂಡತಿಗೆ ಹೇಳಿದೆ. ಅವಳಿಗೆ ನಗು ತಡೆಯಲಾಗಲಿಲ್ಲ.

ಬಾಡಿಗೆಯ ವಿಷಯದಲ್ಲಿ ಅವಳು ಪಂಡಿತೆ. ನನ್ನಪ್ಪ ನಿಟ್ಟೂರಿನ ಹತ್ತಿರ ರೈಲ್ವೆ ಗ್ಯಾಂಗಿನಲ್ಲಿದ್ದವರು. ನಾನು ಹುಟ್ಟಿದ್ದೇ ಕ್ವಾರ್ಟರ್ಸಿನಲ್ಲಿ, ಅಪ್ಪ ರಿಟೈರಾದ ದಿನ ಆ ಮನೆಯೂ ಹೋಯಿತು. ಅವಳು ಕುಣಿಗಲ್ ಕಡೆಯ ತೋಟದ ಮನೆಯ ಹುಡುಗಿ. ನನ್ನನ್ನು ಮದುವೆಯಾಗಿ ತುಮಕೂರಿಗೆ ಬಂದವಳು ಬಡಾವಣೆಯಿಂದ ಬಡಾವಣೆಗೆ ಪಾತ್ರೆ ಪಡಗ ಸಾಗಿಸಿದಳು. ಮಕ್ಕಳಾಗಲಿಲ್ಲ, ಹಾಗಾಗಿ ಸಾಮಾನು ಕಡಿಮೆ ಎಂದು ಅವಳೇ ತಮಾಷೆ ಮಾಡುತ್ತಿದ್ದಳು. ಯಾವ ಓನರು ಗೋಡೆಗೆ ಮೊಳೆ ಹೊಡೆದರೆ ಕೆರಳುತ್ತಾರೆ, ಯಾರು ನೆಂಟರು ಬಂದರೆ ನೀರಿನ ಮೋಟಾರ್ ಆಫ್ ಮಾಡುತ್ತಾರೆ ಎಂಬುದನ್ನು ಮನೆ ನೋಡಲು ಹೋದ ದಿನವೇ ಹೇಳಿಬಿಡುತ್ತಿದ್ದಳು. ನನಗೆ ಹಕ್ಕಿ ಗುರುತಿಸುವುದು ಹೇಗೋ ಅವಳಿಗೆ ಓನರುಗಳು. ನನ್ನ ಕೆಲಸ ವರ್ಷ ವರ್ಷ ನವೀಕರಿಸುವ ಕಾಂಟ್ರಾಕ್ಟಿನದು. ಸ್ವಂತ ಮನೆಯ ಮಾತು ನಮ್ಮಲ್ಲಿ ಬರುತ್ತಿರಲಿಲ್ಲ. ಅವಳು ಆ ಮಾತು ಎತ್ತದೇ ಇದ್ದದ್ದರಿಂದ ಅವಳಿಗೆ ಆ ಆಸೆಯೇ ಇಲ್ಲವೆಂದು ನಾನು ತಿಳಿದಿದ್ದೆ.

ಆಮೇಲೆ ಅವಳಿಗೆ ಕಾಯಿಲೆ ಬಂತು. ಹೊಟ್ಟೆಯಲ್ಲಿ ಶುರುವಾದದ್ದು ಶ್ವಾಸಕೋಶಕ್ಕೆ ಹೋಗಿತ್ತು. ಬೆಂಗಳೂರಿಗೂ ತುಮಕೂರಿಗೂ ಓಡಾಡಿದ್ದಾಯಿತು. ಕೊನೆಗೊಬ್ಬ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಇನ್ನು ಮನೆಯಲ್ಲೇ ಇಟ್ಟುಕೊಳ್ಳಿ, ನೋವಿಗೆ ಮಾತ್ರ ಔಷಧಿ ಕೊಡಿ, ಇಷ್ಟಪಟ್ಟದ್ದನ್ನು ತಿನ್ನಲಿ ಎಂದರು. ಮನೆಯಲ್ಲಿ ಇಟ್ಟುಕೊಳ್ಳಿ ಎಂದು ಹೇಳುವುದು ಎಷ್ಟು ಸುಲಭ ಎಂದು ನನಗೆ ಆಮೇಲೆ ಗೊತ್ತಾಯಿತು.

ಆಗ ನಾವಿದ್ದದ್ದು ಒಂದು ಹೊಸ ಮನೆಯ ಮಹಡಿಯಲ್ಲಿ. ಕೆಳಗಿದ್ದ ಓನರು ಒಳ್ಳೆಯವರೇ. ಹಬ್ಬಕ್ಕೆ ಒಬ್ಬಟ್ಟು ಕಳಿಸುತ್ತಿದ್ದರು. ಆಸ್ಪತ್ರೆಯಿಂದ ಅವಳನ್ನು ಕರೆತಂದ ವಾರದಲ್ಲೇ ಒಂದು ಚಿಪ್ಪು ಬಾಳೆಹಣ್ಣು ಹಿಡಿದುಕೊಂಡು ಮೇಲೆ ಬಂದರು. ಒಳಗೆ ಬರಲಿಲ್ಲ, ಬಾಗಿಲಲ್ಲೇ ನಿಂತರು.

"ಸಾರ್, ತಪ್ ತಿಳ್ಕೋಬೇಡಿ. ಮೇಡಮ್ಮೋರು ಹುಷಾರಾಗ್ಲಿ ಅಂತ ನಾವೂ ದೇವರಿಗೆ ಕೈಮುಗೀತಾ ಇದೀವಿ. ಆದ್ರೆ ಇದು ಗೃಹಪ್ರವೇಶ ಆಗಿ ಇನ್ನೂ ಜಾಸ್ತಿ ದಿನ ಆಗಿಲ್ಲ. ಮಗಳ ಮದುವೆ ಮಾತುಕತೆ ಬೇರೆ ನಡೀತಾ ಇದೆ. ನಕ್ಷತ್ರ ಸರಿ ಇಲ್ದಾಗ ಏನಾದ್ರೂ ಒಂದ್ ಆಗ್ಬಿಟ್ರೆ, ತಿಂಗಳುಗಟ್ಲೆ ಮನೆಗೆ ಬೀಗ ಹಾಕ್ಬೇಕಾಗುತ್ತೆ. ನಿಮಗೇ ಗೊತ್ತಲ್ಲ."

ಗೊತ್ತಿತ್ತು. ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಆ ಮನೆಯಲ್ಲಿ ಯಾರೂ ಇರಬಾರದೆಂದು ನಮ್ಮ ಕಡೆ ನಂಬುತ್ತಾರೆ. ಸಾಯುವವರು ಪಂಚಾಂಗ ನೋಡಿಕೊಂಡು ಸಾಯಬೇಕು. ನನಗೆ ಬಂದ ಸಿಟ್ಟಿಗೆ ಆ ಬಾಳೆಹಣ್ಣನ್ನು ಅವರ ಕಾರಿನ ಗಾಜಿಗೆ ಎಸೆಯಬೇಕೆನ್ನಿಸಿತು. ಏನೂ ಮಾಡಲಿಲ್ಲ, "ನೋಡ್ತೀನಿ ಸಾರ್" ಎಂದು ಬಾಗಿಲು ಹಾಕಿಕೊಂಡೆ. ಒಳಗೆ ಅವಳು ಗೋಡೆಗೆ ಒರಗಿಕೊಂಡು ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು.

"ಹಿಂದಿನ್ ಬೀದೀಲಿ ಆ ಟೈಲರ್ ತೀರ್ಕೊಂಡಾಗ ನೋಡಿದ್ರಲ್ಲ," ಎಂದಳು. ನಾನೂ ನೋಡಿದ್ದೆ. ಓನರು ಗೇಟು ತೆಗೆಯಲಿಲ್ಲವೆಂದು ಆ ಬಾಡಿಗೆದಾರನ ಹೆಣವನ್ನು ಮೋರಿಯ ಪಕ್ಕ, ರಸ್ತೆಯಲ್ಲಿ ಶಾಮಿಯಾನ ಹಾಕಿ ಮಲಗಿಸಿದ್ದರು. ಬೈಕುಗಳು ಹಾರ್ನ್ ಮಾಡಿಕೊಂಡು ಪಕ್ಕದಲ್ಲೇ ಹೋಗುತ್ತಿದ್ದವು. "ನನ್ನ ಹಂಗೆ ರೋಡಲ್ಲಿ ಮಲಗಿಸ್ಬೇಡಿ ಕಣ್ರೀ. ಒಂದ್ ಸೂರಿನ್ ಕೆಳಗೆ ಮಲಗಿಸಿ. ಇನ್ನೇನೂ ಕೇಳಲ್ಲ ನಿಮ್ಮನ್ನ."

ಅಷ್ಟು ವರ್ಷದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಅದೊಂದೇ. ಕುಣಿಗಲ್‌ನಲ್ಲಿದ್ದ ಅವಳ ತಮ್ಮ ಬಂದು ಕರೆದ. ಕೊಟ್ಟ ಹೆಣ್ಣು ತವರಿನಲ್ಲಿ ಸಾಯಬಾರದು ಎಂದು ಅವಳು ಒಪ್ಪಲಿಲ್ಲ. ನಾನು ರಜೆಯ ದಿನಗಳಲ್ಲಿ ಮನೆ ಹುಡುಕಲು ಹೊರಟೆ. ಗುಬ್ಬಿಯವರೆಗೂ ಹೋಗಿ ನೋಡಿ ಬಂದೆ. ಎಲ್ಲರೂ ಮೊದಲು ಕೇಳುವುದು, "ಮನೇಲಿ ಯಾರ್ಯಾರ್ ಇದೀರಾ?" ಇಬ್ಬರೇ ಎಂದರೆ ಮುಖ ಅರಳುತ್ತಿತ್ತು. ಹೆಂಡತಿಗೆ ಹುಷಾರಿಲ್ಲ ಎಂದರೆ ಏನು ಹುಷಾರಿಲ್ಲ ಎಂದು ಕೇಳುತ್ತಿದ್ದರು. ನನಗೆ ಸುಳ್ಳು ಹೇಳಲು ಬರುವುದಿಲ್ಲವೆಂದಲ್ಲ, ಅವಳ ಮುಖ ನೋಡಿದರೆ ಯಾರಿಗಾದರೂ ಗೊತ್ತಾಗುತ್ತಿತ್ತು. ಸಂಜೆ ಬರಿಗೈಯಲ್ಲಿ ಬಂದಾಗ ಅವಳು ಏನಾಯಿತೆಂದು ಕೇಳುತ್ತಿರಲಿಲ್ಲ. ಕಾಡಲ್ಲಿ ಇವತ್ತು ಏನ್ ನೋಡಿದ್ರಿ ಎನ್ನುತ್ತಿದ್ದಳು.

ಒಂದು ದಿನ ಬೆಟ್ಟಕ್ಕೆ ಕರೆದುಕೊಂಡು ಹೋಗಿ ಎಂದಳು. ಮುತ್ತುಗ ಹೂಬಿಟ್ಟಿದ್ದ ಕಾಲ. ಜನವಿಲ್ಲದ ದಿನ ನೋಡಿ ಆಟೋದಲ್ಲಿ ಕರೆತಂದೆ. ಬಂಡೆಯವರೆಗೆ ನನ್ನ ಭುಜ ಹಿಡಿದುಕೊಂಡು, ನಡುನಡುವೆ ಕೂತು ಸುಧಾರಿಸಿಕೊಂಡು ನಡೆದಳು. ನಾನು ಅಭ್ಯಾಸಬಲದಿಂದ ಅದು ಇದು ತೋರಿಸುತ್ತ ಬಾಯಿ ಬಡಿಯುತ್ತಿದ್ದೆ. ಅವಳು ಒಂದು ಚಪ್ಪಡಿಯ ಪಕ್ಕ ಕೂತು, ನನ್ನ ಮುಖ ನೋಡದೆ, "ನಂಗೂ ಒಂದ್ ಕಟ್ಬೇಕು," ಎಂದಳು.

ಕಲ್ಲು ಎತ್ತುವ ಶಕ್ತಿ ಅವಳಲ್ಲಿರಲಿಲ್ಲ. ಹಾಗಾಗಿ ಕಲ್ಲು ತರುವುದು ನನ್ನ ಪಾಲಿಗೆ ಬಂತು. ಬಗ್ಗಿ ಒಂದೊಂದೇ ಚಪ್ಪಡಿಯ ಅಂಚನ್ನು ಮೆಲ್ಲಗೆ ಎತ್ತಿ ಇಣುಕಿ ನೋಡುವುದು. ಒಂದರಲ್ಲಿ ಮೊಟ್ಟೆ, ಮತ್ತೆ ಇಳಿಸುವುದು. ಇನ್ನೊಂದರ ಕೆಳಗೆ ಇರುವೆಗಳ ಸಂತೆ, ಅದನ್ನೂ ಇಳಿಸುವುದು. ಅವಳು ನೋಡುತ್ತ ಕೂತಿದ್ದವಳು ಕೆಮ್ಮುತ್ತ ನಕ್ಕಳು. "ನಿಮ್ಗೆ ಇಲ್ಲೂ ಮನೆ ಖಾಲಿ ಇಲ್ವಂತಾ?" ಯಾರೂ ವಾಸವಿಲ್ಲದ ನಾಲ್ಕು ಕಲ್ಲು ಹುಡುಕಲು ನನಗೆ ಬಹಳ ಹೊತ್ತು ಹಿಡಿಯಿತು. ಅವಳು ಅವನ್ನು ಒಂದರ ಮೇಲೊಂದು ಇಟ್ಟಳು. ಮೇಲಿನದು ಜಾರುತ್ತಿತ್ತು. ಮತ್ತೆ ಇಟ್ಟಳು. ಕಣ್ಣುಮುಚ್ಚಿ ಕೈಮುಗಿದಳು. ನಾನೂ ಮುಗಿದೆ. ನನಗೆ ನಂಬಿಕೆ ಇರಲಿಲ್ಲ, ಈಗಲೂ ಇಲ್ಲ. ಆದರೆ ಅವತ್ತು ಯಾರಾದರೂ ಆ ಕಲ್ಲುಗಳನ್ನು ಮುಟ್ಟಲು ಬಂದಿದ್ದರೆ ಅವರ ಕೈ ಮುರಿಯುತ್ತಿದ್ದೆ.

ಹಿಂದಿನಿಂದ ಯಾರೋ ಚಪ್ಪಾಳೆ ತಟ್ಟಿದರು. ತಿರುಗಿ ನೋಡಿದರೆ ಅದೇ ಮುದುಕಿ, ಬುತ್ತಿ ಚೀಲ ಹಿಡಿದು ನಿಂತಿದ್ದರು.

"ಹೇಳೋದು ಆಚಾರ, ತಿನ್ನೋದು ಬದ್ನೇಕಾಯಿ! ಹಲ್ಲಿ ಮೊಟ್ಟೆ ಏನಾಯ್ತಪ್ಪಾ ಇವತ್ತು?"

ಅವರು ನನ್ನ ಹೆಂಡತಿಯ ಮುಖ ನೋಡಿದರು, ನಗು ನಿಲ್ಲಿಸಿದರು, ಬಂದು ಅವಳ ಪಕ್ಕ ಕೂತರು. ನನ್ನನ್ನು ನೀರು ತರಲು ಅಟ್ಟಿದರು. ನಾನು ಬಾಟಲಿ ತುಂಬಿಸಿಕೊಂಡು ಬರುವಷ್ಟರಲ್ಲಿ ಅವಳು ಆ ಅಪರಿಚಿತೆಯ ಹತ್ತಿರ ಓನರಿನ ಬಾಳೆಹಣ್ಣಿನಿಂದ ಹಿಡಿದು ಟೈಲರಿನ ಶಾಮಿಯಾನದವರೆಗೆ ಎಲ್ಲ ಹೇಳಿಬಿಟ್ಟಿದ್ದಳು. ಮುದುಕಿ ಅವಳ ಕೆನ್ನೆ ಸವರಿ, ಬುತ್ತಿಯಲ್ಲಿದ್ದ ಚಿತ್ರಾನ್ನದಲ್ಲಿ ಎರಡು ತುತ್ತು ತಿನ್ನಿಸಿ, ಬುತ್ತಿ ಕಟ್ಟಿಕೊಂಡು ಎದ್ದು ಹೋದರು.

ಕೆಲವು ದಿನ ಕಳೆದು ಕಾಡಿನ ಟಿಕೆಟ್ ಕೌಂಟರಿನಲ್ಲಿ "ಕಲ್ ಬೀಳ್ಸೋನ್ ಎಲ್ಲವ್ನೆ?" ಎಂದು ಕೇಳುತ್ತ ಬಂದರು. ಅವರ ಮನೆಯ ಹಿಂದುಗಡೆ ಎರಡು ರೂಮುಗಳಿದ್ದವು. ಕಾಲೇಜಿನ ಹುಡುಗರು ಖಾಲಿ ಮಾಡಿಕೊಂಡು ಹೋಗಿದ್ದರು. "ಸುಣ್ಣ ಬಳ್ಸಿದೀನಿ. ಇವತ್ತೇ ಬಂದ್ಬುಡಿ," ಎಂದರು. ನಾನು ಹೇಳಬೇಕಾದದ್ದನ್ನು ಹೇಳಿಯೇ ತೀರಬೇಕೆಂದು, "ಅಮ್ಮಾ, ಅವಳು ಜಾಸ್ತಿ ದಿನ ಇರಲ್ಲ. ನಿಮ್ಮನೇಲೇ…" ಎಂದೆ. ನನ್ನ ಮಾತು ಮುಗಿಯಲು ಬಿಡಲಿಲ್ಲ. "ಕೇಳಿಸ್ಕೊಂಡೇ ಬಂದಿದೀನಿ ಕಣಪ್ಪ. ನನ್ ಯಜಮಾನ್ರೂ ಆ ಮನೇಲೇ ಹೋಗಿದ್ದು. ಮನೆ ಏನ್ ಅವರ್ಜೊತೆ ಎದ್ದೋಯ್ತಾ?"

ಸಾಮಾನು ಸಾಗಿಸಿದ ಮಾರನೆ ದಿನ ಬೆಟ್ಟಕ್ಕೆ ಹೋದಾಗ ಅವಳ ನಾಲ್ಕು ಕಲ್ಲು ಚೆಲ್ಲಾಪಿಲ್ಲಿಯಾಗಿದ್ದವು. ಕೋತಿಗಳ ಕೆಲಸ. ಹೇಳಲೋ ಬೇಡವೋ ಎಂದು ಹಿಂಜರಿದು ಹೇಳಿದೆ. "ಕೆಲಸ ಆಯ್ತಲ್ಲ, ಬಿಡಿ. ಜಾಗ ಖಾಲಿ ಮಾಡ್ಬೇಕಲ್ವಾ, ಬೇರೆಯೋರ್ ಕಟ್ಕೋತಾರೆ," ಎಂದಳು. ಗೆದ್ದವಳ ಧ್ವನಿ ಅದು.

ಕ್ಯಾತ್ಸಂದ್ರದ ಆ ಎರಡು ರೂಮಿನಲ್ಲಿ ನಾವು ಸುಖವಾಗಿದ್ದೆವು. ಈ ಮಾತನ್ನು ಬರೆಯಲು ನನಗೆ ಸಂಕೋಚವಾಗುತ್ತದೆ, ಆದರೆ ನಿಜ. ರೂಮುಗಳಿಗೆ ಹೋಗಲು ಮುಂದಿನ ಮನೆಯ ಪಕ್ಕ ಒಂದು ಸಂದು. ಎಷ್ಟು ಕಿರಿದೆಂದರೆ ಮಂಚವನ್ನು ಬಿಚ್ಚಿ ಒಳಗೆ ತಂದಿದ್ದೆವು. ಮುದುಕಿ ಹಿಂದೆ ಯಾವುದೋ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದವರು, ಒಬ್ಬರಿಗೆಂದು ಅಡುಗೆ ಮಾಡಲು ಅವರಿಗೆ ಬರುತ್ತಿರಲಿಲ್ಲ. ಬೆಳಗ್ಗೆ ನಾನು ಬೆಟ್ಟಕ್ಕೆ ಹೊರಟರೆ ಇವಳ ಪಕ್ಕ ಬಂದು ಕೂರುತ್ತಿದ್ದರು. ಸಂಜೆ ಬಂದಮೇಲೆ ನನ್ನದು ಎರಡನೇ ಪಾಳಿ. ಬೆಳಗ್ಗೆಯಿಂದ ಕಂಡದ್ದನ್ನೆಲ್ಲ ಮಂಚದ ಪಕ್ಕ ಕೂತು ಇಬ್ಬರಿಗೂ ಹೇಳಬೇಕು. ಒಂದು ದಿನವೂ ಬಿಡುವಂತಿಲ್ಲ. ಹದ್ದು ಹಾವನ್ನು ಎತ್ತಿಕೊಂಡು ಹೋದದ್ದು, ಬೆಂಗಳೂರಿನಿಂದ ಬಂದವರು ನವಿಲಿಗೆ ಕುರ್‌ಕುರೆ ಹಾಕಲು ಹೋದದ್ದು. ಮುದುಕಿ ತೂಕಡಿಸುತ್ತಿದ್ದರು. ಇವಳು ಕಣ್ಣುಮುಚ್ಚಿ ಕೇಳುತ್ತಿದ್ದಳು. ನಾನು ಮಾತು ನಿಲ್ಲಿಸಿದರೆ ಕಣ್ಣು ತೆರೆಯುತ್ತಿದ್ದಳು. ಇಷ್ಟು ವರ್ಷ ನೂರಾರು ಜನರಿಗೆ ಕಾಡು ತೋರಿಸಿದೆ. ಕಾಡಿಗೆ ಬರಲಾಗದ ಒಬ್ಬಳಿಗೆ ತೋರಿಸಿದ ಆ ದಿನಗಳಲ್ಲಿ ನಾನು ನನ್ನ ಕೆಲಸವನ್ನು ಚೆನ್ನಾಗಿ ಮಾಡಿದೆ ಎನ್ನಿಸುತ್ತದೆ.

ಅವಳು ಗೋಡೆಗೆ ಒಂದು ಮೊಳೆ ಹೊಡೆಸಿದಳು. ಏನನ್ನೂ ನೇತುಹಾಕಲು ಅಲ್ಲ. ಸುಮ್ಮನೆ, ಹೊಡೆಯಬಹುದೆಂದು.

ಮಳೆ ಶುರುವಾದ ಮೇಲೆ ಉಸಿರು ಸಾಲದಾಯಿತು. ಒಂದು ಬೆಳಗ್ಗೆ ಅವಳು ನನ್ನ ಕೈ ಹಿಡಿದು, "ಆಸ್ಪತ್ರೆಗೆ ಕರ್ಕೊಂಡೋಗಿ," ಎಂದಳು. ಬೇಡ, ಡಾಕ್ಟರೇ ಹೇಳಿದ್ದಾರಲ್ಲ, ಇಲ್ಲೇ ಇರೋಣ ಎಂದೆ. ಮುದುಕಿಯೂ ಬೇಡವೆಂದರು. ಅವಳು ಹಟ ಹಿಡಿದಳು. ಅಷ್ಟು ನಿತ್ರಾಣದಲ್ಲೂ ಅಷ್ಟು ಹಟ ನೋಡಿ ನನಗೆ ಆಸೆ ಹುಟ್ಟಿತು, ಬದುಕುವ ಆಸೆಯೇ ಇರಬೇಕೆಂದು. ಆಂಬ್ಯುಲೆನ್ಸ್ ತರಿಸಿದೆ. ಹೊರಡುವಾಗ ಅವಳು ಮುದುಕಿಯ ಕೈಯನ್ನು ಕಣ್ಣಿಗೊತ್ತಿಕೊಂಡಳು.

ಹೈವೇಗೆ ಬಂದ ಮೇಲೆ ಹತ್ತಿರ ಬರುವಂತೆ ಸನ್ನೆ ಮಾಡಿದಳು. ಮಾತು ತುಂಡುತುಂಡಾಗಿ ಬರುತ್ತಿತ್ತು.

"ಆಯಮ್ಮ ಬಾಡಿಗೇಲೇ ಜೀವ್ನ ಮಾಡ್ತಾರೆ ಕಣ್ರೀ. ನಾನ್ ಅಲ್ಲಿ ಹೋದ್ರೆ… ಆ ರೂಮಿಗೆ ಯಾರ್ ಬತ್ತಾರೆ ಆಮೇಲೆ? ಒಳ್ಳೇರ್ ಮನೆ. ಬ್ಯಾಡ."

ಆಂಬ್ಯುಲೆನ್ಸನ್ನು ತಿರುಗಿಸು ಎಂದು ಡ್ರೈವರಿಗೆ ಕೂಗಬೇಕೆನ್ನಿಸಿತು. ಅವಳು ನನ್ನ ಕೈ ಬಿಡಲಿಲ್ಲ. ಬೀದಿಪಾಲಾಗಬಾರದೆಂದು ಕಲ್ಲಿನ ಮೇಲೆ ಕಲ್ಲಿಟ್ಟು ಬೇಡಿಕೊಂಡಿದ್ದಳು. ಎಬ್ಬಿಸಿ ಕಳಿಸದ ಮನೆಯೊಂದು ಸಿಕ್ಕಿತು. ಸಿಕ್ಕಿದ ಮನೆಯಿಂದ ತಾನಾಗಿಯೇ ಎದ್ದು ಹೊರಟಿದ್ದಳು. ನನಗೆ ಅವಳ ಮೇಲೆ ಸಿಟ್ಟು ಬಂತು, ಆ ಸಿಟ್ಟು ಇನ್ನೂ ಪೂರ್ತಿ ಹೋಗಿಲ್ಲ.

ಮಾರನೆ ದಿನ ಬೆಳಗ್ಗೆ ವಾರ್ಡಿನಲ್ಲಿ ಹೋದಳು. ನಾನು ಮುದುಕಿಗೆ ಫೋನು ಮಾಡಿ ಹೇಳಿದೆ. ಆ ಕಡೆಯಿಂದ ಅಳು ಮಾತ್ರ ಕೇಳಿಸಿತು, ಆಮೇಲೆ ಲೈನು ಕಟ್ಟಾಯಿತು. ಅವಳ ತಮ್ಮ ಕುಣಿಗಲ್‌ನಿಂದ ಬಂದಿದ್ದ. ಆಸ್ಪತ್ರೆಯ ಕಾಗದಪತ್ರವೆಲ್ಲ ಮುಗಿಸಿ, "ಎಲ್ಲಿಗ್ ಕರ್ಕೊಂಡೋಗಾಣ ಭಾವ?" ಎಂದು ಕೇಳಿದ. ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಬಾಡಿಗೆ ಮನೆಗೆ ಹೆಣ ತೆಗೆದುಕೊಂಡು ಹೋಗುವುದಿಲ್ಲ. ಅದು ಯಾರೂ ಹೇಳಿಕೊಡಬೇಕಾದ ವಿಷಯವಲ್ಲ, ಮೊಳೆ ಹೊಡೆಯಬಾರದು ಎನ್ನುವ ಹಾಗೆ. ಸಾಯುವವಳೂ ಅದನ್ನೇ ಹೇಳಿ ಹೋಗಿದ್ದಳು. "ನಿಮ್ ತೋಟಕ್ಕೇ ಹೋಗೋಣ," ಎಂದೆ.

ಕುಣಿಗಲ್‌ನ ತೋಟದಲ್ಲಿ ತೆಂಗಿನ ಮರಗಳ ಕೆಳಗೆ ಅವಳನ್ನು ಮಲಗಿಸಿದರು. ತವರುಮನೆಯ ಒಳಗೆ ತರಬಾರದೆಂದು ಹಿರಿಯರೊಬ್ಬರು ಹೇಳಿದರು, ಯಾರೂ ಎದುರಾಡಲಿಲ್ಲ. ರೋಡಲ್ಲವಲ್ಲ, ತೋಟ ಎಂದು ನಾನು ಸಮಾಧಾನ ಹೇಳಿಕೊಂಡೆ. ಹನಿ ಶುರುವಾಯಿತು. ಯಾರೋ ಒಂದು ನೀಲಿ ಟಾರ್ಪಾಲು ತಂದು ಮರದಿಂದ ಮರಕ್ಕೆ ಕಟ್ಟಿದರು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಮಣ್ಣು ಮಾಡಿ ಮುಗಿಯಿತು. ಇಲ್ಲೇ ಉಳಿದುಕೊಳ್ಳಿ ಎಂದು ತಮ್ಮ ಎಷ್ಟು ಹೇಳಿದರೂ ನನಗೆ ಕೂರಲಾಗಲಿಲ್ಲ. ಅವನ ಸ್ನೇಹಿತನ ಕಾರಿನಲ್ಲಿ ಕ್ಯಾತ್ಸಂದ್ರಕ್ಕೆ ಬಂದೆ.

ಇನ್ನೂ ಬೆಳಕಿತ್ತು. ಬೀದಿಗೆ ತಿರುಗಿದಾಗ ಮುದುಕಿಯ ಮನೆಯ ಮುಂದೆ ಯಾರಿಂದಲೋ ತಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಸಾಲಾಗಿ ಹಾಕಿತ್ತು. ಅವರ ಮಂಚ, ಟೀವಿ ಸ್ಟ್ಯಾಂಡು, ಅಕ್ಕಿ ಡ್ರಮ್ಮು ಎಲ್ಲ ಹೊರಗೆ ಜಗಲಿಯ ಮೇಲಿದ್ದವು. ಮುಂಬಾಗಿಲಿನ ಎರಡೂ ಕದ ತೆರೆದಿದ್ದವು. ನಮ್ಮ ಸಂದಿನಲ್ಲಿ ಹೆಣ ತರಲು ಆಗುವುದಿಲ್ಲವೆಂದು ಅವರು ತಮ್ಮ ನಡುಮನೆಯನ್ನೇ ಖಾಲಿ ಮಾಡಿದ್ದರು. ನೆಲ ಒರೆಸಿ ಚಾಪೆ ಹಾಸಿತ್ತು. ತಲೆಯ ದಿಕ್ಕಿನಲ್ಲಿ ದೀಪ ಉರಿಯುತ್ತಿತ್ತು. ಪಕ್ಕದ ತಟ್ಟೆಯಲ್ಲಿ ಅರಿಸಿನ ಕುಂಕುಮ, ಒಂದು ಮೊಳ ಮಲ್ಲಿಗೆ, ಮುತ್ತೈದೆಗೆಂದು ಒಂದು ಡಜನ್ ಹಸಿರು ಬಳೆ. ನೆರೆಮನೆಯ ಇಬ್ಬರು ಹೆಂಗಸರು ಗೋಡೆಗೆ ಒರಗಿ ಕೂತಿದ್ದರು. ಬೆಳಗ್ಗೆಯಿಂದಲೂ ಕೂತಿದ್ದರಂತೆ.

ಮುದುಕಿ ಬಾಗಿಲಿಗೆ ಬಂದು ನನ್ನನ್ನು ದಾಟಿ ಕಾರಿನ ಕಡೆ ನೋಡಿದರು. ಡ್ರೈವರ್ ಕಾರನ್ನು ತಿರುಗಿಸಿಕೊಳ್ಳುತ್ತಿದ್ದ. ಕಾರು ಹೋಗುವವರೆಗೂ ಅವರು ಹಾಗೇ ನೋಡುತ್ತಿದ್ದರು.

"ಎಲ್ಲಪ್ಪಾ ಅವ್ಳು?"

"ಕುಣಿಗಲ್ಲಲ್ಲೇ ಮಣ್ಣು ಮಾಡಿ ಬಂದ್ವಿ ಅಮ್ಮ."

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಹೊಸ್ತಿಲ ಮೇಲೆ ಮೆಲ್ಲಗೆ ಕೂತುಕೊಂಡರು.

"ಯಾಕಪ್ಪಾ," ಎಂದರು, "ಮನೆ ಇತ್ತಲ್ಲ ಅವ್ಳಿಗೆ."